ಬರೆಯುವ ಕೈ ಯಾವ ಊರಿನದು?



ಮೈಸೂರಿನ ಕ್ರಿಕೆಟ್ ಪ್ರಿಯರು 2010ರ ಜನವರಿಯನ್ನು ಮರೆತಿರಲಾರರು. ಗಂಗೋತ್ರಿ ಗ್ಲೇಡ್ಸ್ ಮೈದಾನದಲ್ಲಿ ರಣಜಿ ಟ್ರೋಫಿ ಫೈನಲ್ ಪಂದ್ಯ. ಗೆಲ್ಲಲು 338 ರನ್ ಬೇಕಿದ್ದ ಕರ್ನಾಟಕ, ಮನೀಶ್ ಪಾಂಡೆ 144 ರನ್ ಹೊಡೆದರೂ 331ಕ್ಕೆ ಆಲೌಟಾಯಿತು. ಮುಂಬೈ ಗೆದ್ದದ್ದು ಬರೀ ಆರು ರನ್ನಿನಿಂದ. ಮೈದಾನ ಕರ್ನಾಟಕದ್ದು, ಕೂಗಿದ ಜನವೂ ಕರ್ನಾಟಕದವರೇ. ಆದರೆ ಆ ಆರು ರನ್ನನ್ನು ಐದು ಮಾಡುವ ಅಧಿಕಾರ ಸ್ಕೋರರ್‌ಗೆ ಇರಲಿಲ್ಲ.

ಕ್ರಿಕೆಟ್ಟಿನ ನಿಯಮವೇ ಹಾಗಿದೆ. ಸ್ಕೋರರ್‌ಗಳು ಇಬ್ಬರು. ಅಂಪೈರ್ ತೋರಿದ ಸನ್ನೆಯನ್ನು ಅವರು ಒಪ್ಪಲೇಬೇಕು, ಒಪ್ಪಿದ್ದನ್ನು ತಿರುಗಿ ಸನ್ನೆ ಮಾಡಿ ತಿಳಿಸಬೇಕು. ಒಬ್ಬರ ಲೆಕ್ಕ ಇನ್ನೊಬ್ಬರದಕ್ಕೆ ತಾಳೆಯಾಗಬೇಕು. ಅಭಿಮಾನ ಯಾರ ಕಡೆಗಿದ್ದರೂ ಪೆನ್ನಿಗೆ ದಾರಿ ಒಂದೇ.

ಬ್ಯಾಸ್ಕೆಟ್‌ಬಾಲ್‌ನ ಕಥೆ ಬೇರೆ. ಬುಟ್ಟಿಗೆ ಬಿದ್ದ ಚೆಂಡಿನ ಲೆಕ್ಕದಲ್ಲಿ ವಾದವಿಲ್ಲ. ಆದರೆ 'ಅಸಿಸ್ಟ್' ಎಂಬ ಇನ್ನೊಂದು ಲೆಕ್ಕವಿದೆ. ಜೊತೆಗಾರ ಬುಟ್ಟಿ ಹಾಕಲು ನೇರ ಕಾರಣವಾದ ಪಾಸಿಗೆ ಸಿಗುವ ಮನ್ನಣೆ ಅದು. ಪಾಸ್ ಹಿಡಿದವನು ತಕ್ಷಣ ಎಸೆದರೆ ಸಂಶಯವಿಲ್ಲ. ಎರಡು ಬಾರಿ ಚೆಂಡು ಪುಟಿಸಿ, ಎದುರಾಳಿಯನ್ನು ವಂಚಿಸಿ ಎಸೆದರೆ? ಆಗ ಆ ಬುಟ್ಟಿ ಪಾಸಿನ ಫಲವೋ, ಎಸೆದವನ ಸ್ವಂತ ಸಾಹಸವೋ? ಕ್ಷಣಾರ್ಧದಲ್ಲಿ ತೀರ್ಮಾನಿಸುವವನು ಅಂಕಣದ ಬದಿಯಲ್ಲಿ ಕುಳಿತ ಲೆಕ್ಕಿಗ. ಅಮೆರಿಕದ ಎನ್‌ಬಿಎ ಲೀಗ್‌ನಲ್ಲಿ ಈ ಲೆಕ್ಕಿಗರು ಬಂದಿರುವುದು ಆತಿಥೇಯ ತಂಡದ ಕಡೆಯಿಂದ.

1997ರ ಜನವರಿಯಲ್ಲಿ ವ್ಯಾಂಕೂವರ್‌ನಲ್ಲಿ ನಡೆದ ಪಂದ್ಯವೊಂದರಲ್ಲಿ ಪ್ರವಾಸಿ ಲಾಸ್ ಏಂಜಲೀಸ್ ಲೇಕರ್ಸ್‌ನ ನಿಕ್ ವ್ಯಾನ್ ಎಕ್ಸೆಲ್ ಹೆಸರಿಗೆ 23 ಅಸಿಸ್ಟ್ ದಾಖಲಾದವು. ಅಂದು ಕೈ ಸಡಿಲ ಬಿಟ್ಟು ಬರೆದದ್ದಾಗಿ ಲೆಕ್ಕಿಗನೇ ವರ್ಷಗಳ ನಂತರ ಒಪ್ಪಿಕೊಂಡ. ಲಾಭವಾದದ್ದು ಎದುರಾಳಿಗೆ, ನಿಜ. ಆದರೆ ಬೇಕೆಂದಾಗ ಹಿಗ್ಗಿಸಬಹುದಾದ ಲೆಕ್ಕ ಇದು ಎಂಬುದು ಬಯಲಾಯಿತು. ಕೆನಡಾದ ಸೈಮನ್ ಫ್ರೇಸರ್ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು ಕ್ಯಾಮೆರಾಗಳು ಗುರುತಿಸಿದ ಆಟಗಾರರ ಚಲನೆಯನ್ನು ಅಸಿಸ್ಟ್ ಲೆಕ್ಕದೊಂದಿಗೆ ಹೋಲಿಸಿ 2017ರಲ್ಲಿ ಪ್ರಬಂಧ ಪ್ರಕಟಿಸಿದರು. ಕೆಲವು ಊರಿನ ಲೆಕ್ಕಿಗರು ಧಾರಾಳಿಗಳು, ಕೆಲವರು ಜುಗ್ಗರು. ತವರಿನ ತಂಡದತ್ತ ವಾಲುವವರೂ ಉಂಟು ಎಂದು ಅದು ತೋರಿಸಿತು.

ಇದನ್ನೆಲ್ಲ ಮೋಸವೆಂದು ತಳ್ಳಿಬಿಡುವುದು ಸುಲಭ. ಆದರೆ ತನ್ನವರ ದಾಖಲೆ ನೋಡುವ ಆಸೆ ಯಾರಿಗಿಲ್ಲ? 1999ರ ಫೆಬ್ರವರಿ 7ರಂದು ದೆಹಲಿಯಲ್ಲಿ ಪಾಕಿಸ್ತಾನದ ವಿರುದ್ಧ ಕುಂಬ್ಳೆ ಒಂಬತ್ತು ವಿಕೆಟ್ ಕಿತ್ತಿದ್ದರು. ಹತ್ತನೆಯದು ತಪ್ಪಿಯೂ ತನಗೆ ಬೀಳದಿರಲೆಂದು ಮೈಸೂರಿನ ಜಾವಗಲ್ ಶ್ರೀನಾಥ್ ಚೆಂಡನ್ನು ಸ್ಟಂಪಿನಿಂದ ದೂರ ದೂರಕ್ಕೆ ಎಸೆದರು. ಆ ಪ್ರೀತಿಯನ್ನು ನಾಡೇ ಮೆಚ್ಚಿತು. ಅದು ಎಲ್ಲರ ಕಣ್ಣೆದುರು ಆಟಗಾರ ತೋರಿದ ಪ್ರೀತಿ. ಅದೇ ಪ್ರೀತಿ ಲೆಕ್ಕ ಬರೆಯುವವನ ಪೆನ್ನಿಗೆ ಇಳಿದರೆ ಯಾರಿಗೂ ಕಾಣುವುದಿಲ್ಲ. ವ್ಯತ್ಯಾಸ ಇರುವುದು ಇಲ್ಲೇ.

ಇದರಿಂದ ನಷ್ಟ ಯಾರಿಗೆ? ಪಂದ್ಯದ ಫಲಿತಾಂಶಕ್ಕಲ್ಲ. ಚೆಂಡನ್ನು ತಾನಿಟ್ಟುಕೊಳ್ಳದೆ ಜೊತೆಗಾರನಿಗೆ ಕೊಡುವ ಹುಡುಗನಿಗೆ. ಚಪ್ಪಾಳೆ ಬುಟ್ಟಿ ಹಾಕಿದವನಿಗೆ ಸಲ್ಲುತ್ತದೆ. ಕೊಟ್ಟವನ ಹೆಸರು ಕಾಗದದಲ್ಲಿ ಉಳಿಯುವುದು ಆ ಒಂದು ಅಂಕಿಯಲ್ಲಿ ಮಾತ್ರ. ಪರಊರಿನಲ್ಲಿ ಅದು ತಪ್ಪಿಹೋದರೆ, ಆಟ ನೋಡದೆ ಅಂಕಿಪಟ್ಟಿ ನೋಡಿ ಆರಿಸುವವರ ಕಣ್ಣಿಗೆ ಅವನು ಬೀಳುವುದೇ ಇಲ್ಲ.

ಪರಿಹಾರ ದುಬಾರಿಯದಲ್ಲ. ಇಬ್ಬರು ಬೇರೆ ಬೇರೆ ಬರೆದು ತಾಳೆ ನೋಡಬಹುದು. ಅನುಮಾನವಿದ್ದ ಪಾಸನ್ನು ಮೊಬೈಲ್ ವಿಡಿಯೋದಲ್ಲಿ ಮತ್ತೆ ನೋಡಬಹುದು. ತವರಿನ ಅಂಕಿ, ಹೊರಗಿನ ಅಂಕಿ ಬೇರೆ ಬೇರೆ ಕಾಲಮ್ಮಿನಲ್ಲಿ ಬರೆದಿಟ್ಟರೆ ಒಂದು ಋತು ಮುಗಿಯುವಷ್ಟರಲ್ಲಿ ಯಾರ ಕೈ ಎತ್ತ ವಾಲುತ್ತದೆಂದು ತಾನಾಗಿ ಕಾಣುತ್ತದೆ. ಮುಂದಿನ ಸಲ ಅಂಕಿಪಟ್ಟಿ ಓದುವಾಗ ಎಷ್ಟು ಎಂದು ಕೇಳಿದ ಮೇಲೆ, ಬರೆದವರು ಯಾರು ಎಂದೂ ಒಮ್ಮೆ ಕೇಳಿನೋಡಿ.