ನುಂಗಿಕೊಂಡ ಭಯ



ಸಾಯಗಾಂವ, ಭಾಲ್ಕಿ, ಔರಾದ ಸೀಮೆಯಲ್ಲಿ 1948ರಲ್ಲಿ ಮಕ್ಕಳಾಗಿದ್ದವರಿಗೆ ಈಗ ಎಂಬತ್ತರ ಆಚೀಚೆ ವಯಸ್ಸು. ಆ ವರ್ಷದ ಮೇ ತಿಂಗಳಲ್ಲಿ ನಮ್ಮದೇ ಬೀದರ ಜಿಲ್ಲೆಯ ಗೋರಟಾದಲ್ಲಿ, ನಿಜಾಮನ ಆಳ್ವಿಕೆ ಉಳಿಸಲು ಹೊರಟಿದ್ದ ರಜಾಕಾರ ಪಡೆಯವರು ಹತ್ಯಾಕಾಂಡ ನಡೆಸಿದರು. ಸೆಪ್ಟೆಂಬರಿನಲ್ಲಿ ಭಾರತದ ಸೇನೆ ಹೈದರಾಬಾದ್ ಸಂಸ್ಥಾನವನ್ನು ವಶಪಡಿಸಿಕೊಂಡ ‘ಪೊಲೀಸ್ ಕಾರ್ಯಾಚರಣೆ’ಯ ಬೆನ್ನಿಗೇ ಮುಸ್ಲಿಮರ ಮೇಲೆ ದಾಳಿಗಳಾದವು. ಅತಿ ಹೆಚ್ಚು ನೊಂದ ಜಿಲ್ಲೆಗಳ ಸಾಲಿನಲ್ಲಿ, ಈ ದಾಳಿಗಳನ್ನು ಪರಿಶೀಲಿಸಲು ಭಾರತ ಸರಕಾರ ಕಳಿಸಿದ ಪಂಡಿತ್ ಸುಂದರಲಾಲ್ ಸಮಿತಿ ಬೀದರನ್ನೂ ಸೇರಿಸಿತು. ಆ ವರದಿ ದಶಕಗಳ ಕಾಲ ಬೆಳಕು ಕಾಣಲಿಲ್ಲ. ಅಂಥ ಹಿಂಸೆಯ ಹೊತ್ತಿನಲ್ಲಿ ಯಾವ ಮನೆಯಲ್ಲಾದರೂ ಹಿರಿಯರು ಮಗುವಿಗೆ ಹೇಳುವುದು ಒಂದೇ ಮಾತು: ‘ಸುಮ್ಮ ಕೂಡು, ಯಾರ ಮುಂದೂ ಹೇಳಬ್ಯಾಡ.’ ಮಗುವಿನ ಜೀವ ಉಳಿಸಲು ಹೇಳಿದ ಮಾತದು. ಆದರೆ ನುಂಗಿಕೊಂಡ ಭಯ ಎಲ್ಲಿಗೆ ಹೋಗುತ್ತದೆ?

ಈ ಪ್ರಶ್ನೆಯನ್ನು ಮನೋವಿಜ್ಞಾನಿಗಳು ಹಿಂದೆಯೇ ಕೇಳಿದ್ದರು. 1889ರಲ್ಲಿ ಫ್ರಾನ್ಸಿನ ಮನೋವಿಜ್ಞಾನಿ ಪಿಯರ್ ಜಾನೆ, ಆಘಾತದ ನೆನಪು ಅರಿವಿನಿಂದ ಬೇರ್ಪಟ್ಟು ಒಳಗೇ ಕೆಲಸ ಮಾಡುತ್ತದೆ ಎಂದರು. 1896ರಲ್ಲಿ ಮನೋವಿಶ್ಲೇಷಣೆಯ ಜನಕ ಫ್ರಾಯ್ಡ್, ಹಿಸ್ಟೀರಿಯಾ ಎಂದು ಆಗ ಕರೆಯುತ್ತಿದ್ದ ಮನೋರೋಗದ ಬೇರು ಬಾಲ್ಯದ ಲೈಂಗಿಕ ದೌರ್ಜನ್ಯದಲ್ಲಿದೆ ಎಂದು ಸಾರಿದರು. ಮರುವರ್ಷವೇ ಆ ನಂಬಿಕೆ ಕೈಬಿಟ್ಟರು. ನೊಂದವರ ಮಾತನ್ನು ಬರೀ ಕಲ್ಪನೆಯೆಂದು ತಳ್ಳಿಹಾಕಲು ಇದರಿಂದ ದಾರಿಯಾಯಿತು. ವೈದ್ಯಲೋಕಕ್ಕೆ ಇದು ದೊಡ್ಡ ನಷ್ಟವೆಂದೇ ನನ್ನ ಭಾವನೆ.

ಅಂಥ ಮಾತಿಗೆ ಮುಂದೆ ಕಿವಿಗೊಟ್ಟವರೂ ಇದ್ದರು. 1980ರ ದಶಕದಲ್ಲಿ ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ಡಾ. ವಿನ್ಸೆಂಟ್ ಫೆಲಿಟ್ಟಿ ಬೊಜ್ಜಿಗೆ ಚಿಕಿತ್ಸೆ ಕೊಡುತ್ತಿದ್ದರು. ಚೆನ್ನಾಗಿ ತೂಕ ಇಳಿಯುತ್ತಿದ್ದವರೇ ಚಿಕಿತ್ಸೆ ಬಿಟ್ಟು ಹೋಗುತ್ತಿದ್ದರು. ಯಾಕೆಂದು ವಿಚಾರಿಸಿದಾಗ ಅನೇಕರು ಬಾಲ್ಯದಲ್ಲಿ ಅನುಭವಿಸಿದ ದೌರ್ಜನ್ಯವನ್ನು ಹೇಳಿಕೊಂಡರು. ಕೆಲವರಿಗೆ ದಪ್ಪ ಮೈಯೇ ರಕ್ಷಣೆಯಾಗಿತ್ತು. ಮುಂದೆ ಫೆಲಿಟ್ಟಿ, ರಾಬರ್ಟ್ ಆಂಡಾ ಮತ್ತು ಸಂಗಡಿಗರು 9,500ಕ್ಕೂ ಹೆಚ್ಚು ವಯಸ್ಕರನ್ನು ಅವರ ಬಾಲ್ಯದ ಬಗ್ಗೆ ಕೇಳಿ 1998ರಲ್ಲಿ ವರದಿ ಪ್ರಕಟಿಸಿದರು. ಬಾಲ್ಯದ ನೋವು ಹೆಚ್ಚಿದಷ್ಟೂ ದೊಡ್ಡವರಾದ ಮೇಲೆ ಹೃದ್ರೋಗ, ಖಿನ್ನತೆ, ಕುಡಿತದ ಚಟ, ಆತ್ಮಹತ್ಯೆಯ ಯತ್ನ ಹೆಚ್ಚಾಗಿದ್ದವು.

ಇದು ಹೇಗೆ? ಅಪಾಯ ಕಂಡೊಡನೆ ದೇಹ ಅಡ್ರಿನಲಿನ್, ಕಾರ್ಟಿಸಾಲ್ ಎಂಬ ಹಾರ್ಮೋನುಗಳನ್ನು ಸುರಿಸುತ್ತದೆ. ಮೇಲಿಂದ ಮೇಲೆ ಬೆದರಿದ ಮಗುವಿನಲ್ಲಿ ಈ ಏರ್ಪಾಡು ಹದ ತಪ್ಪಬಹುದು. ಮುಂದೆ ಬಾಗಿಲು ಧಡ್ ಎಂದರೂ ಎದೆ ಹೊಡೆದುಕೊಳ್ಳುತ್ತದೆ, ರಾತ್ರಿ ನಿದ್ದೆ ಹತ್ತುವುದಿಲ್ಲ. ಹೊಟ್ಟೆನೋವು, ತಲೆನೋವಿಗೆ ಎಷ್ಟು ತಪಾಸಣೆ ಮಾಡಿಸಿದರೂ ಕಾರಣ ಸಿಗದೇ ಇರಬಹುದು. ಹಾಗಂತ ಎಲ್ಲ ಕಾಯಿಲೆಗೂ ಬಾಲ್ಯವನ್ನೇ ದೂರುವಂತಿಲ್ಲ. ಒತ್ತಾಯದಿಂದ ಕೆದಕಿದರೆ ನಡೆಯದ ಸಂಗತಿಯೂ ನೆನಪಾಗಿ ಹುಟ್ಟಬಹುದೆಂದು 1990ರ ದಶಕದ ಪ್ರಯೋಗಗಳು ತೋರಿಸಿವೆ.

ಆದ್ದರಿಂದ ಮನೆಯಲ್ಲಿ ಹೀಗೆ ಒದ್ದಾಡುವವರಿದ್ದರೆ ಪಕ್ಕದಲ್ಲಿ ಕುಳಿತು ಮೆಲ್ಲಗೆ ಕೇಳಿ. ಹೇಳಿದರೆ ನಂಬಿ, ಹೇಳದಿದ್ದರೆ ಬಲವಂತ ಬೇಡ. ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಹಗಲಿರುಳು ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.