ಕರುಳಿನ ಅಗಸಿ



ಸಿದ್ಧಾರೂಢ ಮಠದ ಸುತ್ತಮುತ್ತಣ ಹಳೇ ಹುಬ್ಬಳ್ಳಿಯ ಓಣಿಗಳಲ್ಲಿ ಬೆಳೆದವರಿಗೆ ಅಗಸಿಯೆಂಬ ಮಾತನ್ನು ಬಿಡಿಸಿ ಹೇಳಬೇಕಾದುದಿಲ್ಲ. ಉಳಿದವರಿಗೆ, ಅದು ಊರಬಾಗಿಲು. ಬಂದವರನ್ನೆಲ್ಲ ಹೊಡೆದಟ್ಟುವ ಕಾವಲುಗಾರನನ್ನು ಯಾವ ಊರೂ ಇಟ್ಟುಕೊಳ್ಳದು. ಒಕ್ಕಲು ಯಾರು, ನೆಂಟನು ಯಾರು, ಕಳ್ಳನು ಯಾರು ಎಂದು ಗುರುತಿಸಬಲ್ಲವನೇ ಆ ಕೆಲಸಕ್ಕೆ ತಕ್ಕವನು. ನಮ್ಮ ಕರುಳಿಗೂ ಇಂಥದೊಂದು ಕಾವಲುಂಟು. ಅದರ ವಿಷಯವಾಗಿ ಈ ಹೊತ್ತು ನಾಲ್ಕು ಮಾತುಗಳನ್ನು ನಿವೇದಿಸುತ್ತೇನೆ.

ವಯಸ್ಕನೊಬ್ಬನ ದೇಹದಲ್ಲಿ ಸುಮಾರು 38 ಲಕ್ಷ ಕೋಟಿ ಅಣುಜೀವಿಗಳು ನೆಲಸಿರುವುವೆಂದು 2016ರಲ್ಲಿ ಪ್ರಕಟವಾದ ಒಂದು ಗಣನೆಯು ತಿಳಿಸುತ್ತದೆ. ಇವುಗಳಲ್ಲಿ ಬಹುಪಾಲಿನ ವಾಸಸ್ಥಾನವು ದೊಡ್ಡ ಕರುಳು. ಈ ಮಹಾಜನಸಂದಣಿಗೂ ನಮ್ಮ ರಕ್ತಕ್ಕೂ ನಡುವೆ ಇರುವ ಗೋಡೆಯು ಒಂದೇ ಸಾಲು ಕೋಶಗಳದು. ಅದರ ಮೇಲೆ ಲೋಳೆಯ ಲೇಪವೊಂದುಂಟು. ಗೋಡೆಯ ಕೋಶಗಳಾದರೋ ಕೆಲವೇ ದಿನ ಬಾಳಿ, ಉದುರಿ, ಹೊಸವಕ್ಕೆ ಎಡೆಗೊಡುತ್ತವೆ.

ಇಷ್ಟು ತೆಳುವಾದ ಗೋಡೆಯು ಉಳಿದಿರುವುದು ಸಂಜ್ಞೆಗಳ ಬಲದಿಂದ. ಅಣುಜೀವಿಗಳ ಮೈಗುರುತನ್ನು ಹಿಡಿಯುವ ಗ್ರಾಹಕಗಳು ಗೋಡೆಯಲ್ಲಿಯೂ ಅದರ ಹಿಂದಣ ರಕ್ಷಕ ಕಣಗಳಲ್ಲಿಯೂ ಇವೆ. ಅವು ಸುದ್ದಿ ಮುಟ್ಟಿಸಿದೊಡನೆ ರಕ್ಷಕ ಕಣಗಳು ಇಂಟರ್‌ಲ್ಯೂಕಿನ್-22 ಮೊದಲಾದ ಸಂಜ್ಞಾದ್ರವ್ಯಗಳನ್ನು ಹೊರಡಿಸುತ್ತವೆ. ಗೋಡೆಯು ಲೋಳೆಯನ್ನೂ ಅಣುಜೀವಿನಾಶಕ ದ್ರವ್ಯಗಳನ್ನೂ ಹೆಚ್ಚಿಸಿಕೊಳ್ಳುತ್ತದೆ. ಐಜಿಎ ಎಂಬ ಪ್ರತಿಕಾಯವು ದಿನಕ್ಕೆ ಕೆಲವು ಗ್ರಾಮುಗಳಷ್ಟು ಸ್ರವಿಸಿ, ಅಣುಜೀವಿಗಳನ್ನು ಕೊಲ್ಲದೆಯೇ ಸುತ್ತಿಕೊಂಡು, ಗೋಡೆಯಿಂದ ದೂರವಿರಿಸುತ್ತದೆ. ಯಾವ ಒಕ್ಕಲು ಎಲ್ಲಿರಬೇಕು, ಎಷ್ಟಿರಬೇಕು ಎಂಬುದರಲ್ಲಿ ಈ ಕಾವಲಿನ ಮಾತು ನಡೆಯುತ್ತದೆ.

ಒಕ್ಕಲುಗಳೂ ತೆರಿಗೆಯನ್ನು ಸಲ್ಲಿಸುತ್ತವೆ. ಜೋಳದ ರೊಟ್ಟಿ, ಕಾಳುಪಲ್ಯ, ಉಳ್ಳಾಗಡ್ಡಿಗಳಲ್ಲಿ ನಮಗೆ ಜೀರ್ಣವಾಗದೆ ಉಳಿಯುವ ನಾರನ್ನು ಅವು ಹುದುಗಿಸಿ ಬ್ಯುಟಿರೇಟ್ ಎಂಬ ಆಮ್ಲವನ್ನು ಉಂಟುಮಾಡುತ್ತವೆ. ದೊಡ್ಡ ಕರುಳಿನ ಗೋಡೆಗೆ ಅದೇ ಮುಖ್ಯ ಆಹಾರ. ಅಷ್ಟೇ ಅಲ್ಲದೆ, ರೋಷವನ್ನು ತಡೆಯುವ ನಿಯಂತ್ರಕ ಟಿ-ಕಣಗಳನ್ನು ಅದು ಹೆಚ್ಚಿಸುವುದೆಂದು 2013ರಲ್ಲಿ ಇಲಿಗಳ ಮೇಲೆ ನಡೆದ ಪ್ರಯೋಗಗಳಿಂದ ತಿಳಿದುಬಂದಿತು. ಆ ಕಣಗಳ ಶೋಧಕ್ಕಾಗಿ ಸಕಾಗುಚಿ, ಬ್ರಂಕೋ, ರಾಮ್ಸ್‌ಡೆಲ್ ಎಂಬ ಮೂವರಿಗೆ 2025ರ ನೊಬೆಲ್ ಪಾರಿತೋಷಕವು ದೊರೆಯಿತು.

ಇನ್ನು, ಅಗಸಿಯಲ್ಲಿ ಹಗಲಿರುಳೂ ಕಳ್ಳರ ಕೂಗೇ ಕೇಳುತ್ತಿದ್ದರೆ ಗತಿಯೇನು? ಮಲಿನ ಜಲವನ್ನು ನಿತ್ಯವೂ ಕುಡಿವ ಎಳೆಯ ಮಕ್ಕಳಲ್ಲಿ ಆಗುವುದು ಇದೇ. ಭೇದಿ ಕಾಣಿಸದಿದ್ದರೂ ಕಾವಲು ಶಾಂತವಾಗದು; ಸಣ್ಣ ಕರುಳಿನಲ್ಲಿ ಆಹಾರವನ್ನು ಹೀರುವ ಎಳೆಗಳು ಮೊಟಕಾಗುತ್ತವೆ; ಗೋಡೆ ಸೋರುತ್ತದೆ. ಉಂಡ ಅನ್ನ ಮೈಗೆ ಹತ್ತದೆ ಮಗುವಿನ ಬೆಳವಣಿಗೆಯು ಕುಂಠಿತವಾಗಬಹುದು. ಬಾಯಿಂದ ಕೊಡುವ ಲಸಿಕೆಗಳೂ ಅಂಥ ಕರುಳಿನಲ್ಲಿ ಪೂರ್ಣ ಫಲ ಕೊಡದಿರಬಹುದು.

ಈ ಸಂಗತಿಯು ಹುಬ್ಬಳ್ಳಿಗೆ ದೂರದ್ದಲ್ಲ. ನಳಕ್ಕೆ ನೀರು ಬರುವ ದಿನವನ್ನು ಕಾದು, ಕೊಡ ಹಂಡೆಗಳನ್ನು ತುಂಬಿಡುವ ಪದ್ಧತಿಯು ಅಲ್ಲಿ ಬಹುಕಾಲದ್ದು. ಬರಿದಾದ ಕೊಳವೆಯಲ್ಲಿ ಒತ್ತಡವಿಲ್ಲದಾಗ ಬಿರುಕುಗಳ ಮೂಲಕ ಚರಂಡಿಯ ನೀರು ಒಳಸೇರುತ್ತದೆ. ಹುಬ್ಬಳ್ಳಿ-ಧಾರವಾಡಗಳ ಎಂಟು ವಾರ್ಡುಗಳಿಗೆ 2008ರ ಸುಮಾರಿನಲ್ಲಿ ಹಗಲಿರುಳೂ ನೀರೊದಗಿಸುವ ಏರ್ಪಾಡಾಯಿತು. 2013ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಬಿಟ್ಟುಬಿಟ್ಟು ನೀರು ಬರುವ ನಳಗಳ ಮಾದರಿಗಳಲ್ಲಿ ನೂರಕ್ಕೆ ಸುಮಾರು 32ರಲ್ಲಿ ಮಲಸೂಚಕ ಅಣುಜೀವಿಯು ಕಂಡುಬಂದಿತು. ಸತತವಾಗಿ ಬರುವ ನಳಗಳಲ್ಲಿ ನೂರಕ್ಕೆ ಒಂದೂ ಪೂರ್ತಿ ಇಲ್ಲ. 2015ರ ಅಧ್ಯಯನವೊಂದು, ಸತತ ನೀರಿರುವ ಕಡೆ ಕಡಿಮೆ ವರಮಾನದ ಮನೆಗಳ ಮಕ್ಕಳಲ್ಲಿ ರಕ್ತಭೇದಿಯೂ, ಒಟ್ಟಾರೆ ಮನೆಗಳಲ್ಲಿ ವಿಷಮಶೀತಜ್ವರವೂ ಕಡಿಮೆಯೆಂದು ತೋರಿಸಿತು. ಸಾಮಾನ್ಯ ಭೇದಿಯಲ್ಲಿ ಮಾತ್ರ ಗಣನೀಯ ಅಂತರ ಕಾಣಲಿಲ್ಲ. ರೋಗಾಣುಗಳಿಗೆ ಕೈ, ನೊಣ, ಆಹಾರ ಮುಂತಾದ ಬೇರೆ ದಾರಿಗಳೂ ಉಂಟು.

ಗೃಹಿಣಿಯರಲ್ಲಿಯೂ ಗೃಹಸ್ಥರಲ್ಲಿಯೂ ನನ್ನ ವಿಜ್ಞಾಪನೆ ಇಷ್ಟು. ಕೂಸಿಗೆ ಆರು ತಿಂಗಳವರೆಗೆ ತಾಯಿಯ ಹಾಲೊಂದೇ ಇರಲಿ. ತಾಯಿಯ ಐಜಿಎಯೂ, ಹಿತಕರ ಅಣುಜೀವಿಗಳಿಗೆ ಮೇವಾಗುವ ಸಕ್ಕರೆಗಳೂ ಅದರಲ್ಲಿವೆ. ಮಗುವಿಗೆ ಭೇದಿಯಾದರೆ ಓಆರ್‌ಎಸ್ ದ್ರಾವಣವನ್ನೂ, ವೈದ್ಯರು ಹೇಳಿದಂತೆ ಸತುವಿನ ಗುಳಿಗೆಯನ್ನೂ ಕೊಡತಕ್ಕದ್ದು. ರಕ್ತ ಕಂಡರೆ, ಮಗು ಸೊರಗಿದರೆ ತಡಮಾಡದೆ ವೈದ್ಯರ ಬಳಿಗೆ ಒಯ್ಯತಕ್ಕದ್ದು. ಅಂಗಡಿಯಿಂದ ತಾವೇ ತಂದ ಆಂಟಿಬಯೋಟಿಕ್ ಗುಳಿಗೆಯು ಕಳ್ಳನನ್ನು ಹುಡುಕುವ ನೆಪದಲ್ಲಿ ಒಕ್ಕಲುಗಳ ಓಣಿಯನ್ನೇ ಬರಿದುಮಾಡೀತು.

ಆದರೆ ತಾಯಿಯೊಬ್ಬಳೇ ಎಷ್ಟೆಂದು ಕಾಯ್ದಾಳು? ಅವಳು ಕಾಸಿ ಸೋಸುವ ನೀರು ಊರಿನ ಕೊಳವೆಯಿಂದ ಬಂದುದು. ಮಗುವಿನ ಕರುಳಿನ ಅಗಸಿಯು ಆ ಕೊಳವೆಯ ಬಳಿಯೇ ಮೊದಲಾಗುತ್ತದೆ; ಅಲ್ಲಿಯ ಕಾವಲು ಊರವರೆಲ್ಲರ ಹೊಣೆ.