ಶಾಖದ ಇಳಿದಾರಿ

ಕುದಿದ ಹಾಲಿನ ಪಾತ್ರೆಯನ್ನು ತಣ್ಣೀರಿನಲ್ಲಿಟ್ಟರೆ ಹಾಲು ಆರುತ್ತದೆ, ನೀರು ಬೆಚ್ಚಗಾಗುತ್ತದೆ. ನೀರು ಇನ್ನಷ್ಟು ತಣ್ಣಗಾಗಿ ಹಾಲು ಮತ್ತೆ ಉಕ್ಕಿದುದನ್ನು ಕಂಡವರುಂಟೆ? ಹಾಗಾದರೂ ಶಕ್ತಿಯ ಲೆಕ್ಕವೇನೂ ತಪ್ಪದು. ನೀರು ಕಳೆದುಕೊಂಡಷ್ಟನ್ನೇ ಹಾಲು ಪಡೆದಿರುತ್ತದೆ. ಆದರೂ ಅದು ನಡೆಯದು. ಶಾಖವು ತಾನಾಗಿ ಬಿಸಿಯಿಂದ ತಂಪಿನತ್ತ ಮಾತ್ರ ಹರಿಯುತ್ತದೆ. ಇದೇ ಉಷ್ಣಗತಿಶಾಸ್ತ್ರದ ಎರಡನೆಯ ನಿಯಮ.

ಇದಕ್ಕೆ ತಳಹದಿ ಹಾಕಿದವನು ಫ್ರಾನ್ಸಿನ ಸಾಡಿ ಕಾರ್ನೊ. ಉಗಿಯಂತ್ರದಿಂದ ಹೆಚ್ಚೆಂದರೆ ಎಷ್ಟು ಕೆಲಸ ಪಡೆಯಬಹುದೆಂಬ ಪ್ರಶ್ನೆಯನ್ನು 1824ರಲ್ಲಿ ಎತ್ತಿ, ಬಿಸಿ ತಂಪುಗಳೆರಡೂ ಇದ್ದರೇನೇ ಯಂತ್ರ ದುಡಿಯುವುದೆಂದು ಅವನು ತೋರಿಸಿದನು. 100 ಡಿಗ್ರಿ ಸೆಲ್ಸಿಯಸ್ ಉಗಿಯಿಂದ ಶಾಖ ಪಡೆದು 30 ಡಿಗ್ರಿಯ ನೀರಿಗೆ ಬಿಡುವ ಯಂತ್ರವು, ಲವಲೇಶ ಘರ್ಷಣೆಯಿಲ್ಲದಿದ್ದರೂ, ನೂರಕ್ಕೆ 19 ಪಾಲಿಗಿಂತ ಹೆಚ್ಚು ಶಾಖವನ್ನು ಕೆಲಸವಾಗಿ ಮಾರ್ಪಡಿಸಲಾರದು. ಉಳಿದುದು ತಂಪಿಗೆ ತೆರಲೇಬೇಕಾದ ಕಂದಾಯ. ಕಡಲಿನಲ್ಲಿ ಅಪಾರ ಶಾಖವಿದ್ದರೂ, ಅದಕ್ಕಿಂತ ತಣ್ಣನೆಯ ಆಶ್ರಯವಿಲ್ಲದೆ ಆ ಶಾಖದಿಂದ ಹಡಗೊಂದು ಗೇಣುದ್ದವೂ ಸಾಗದು.

ಜರ್ಮನಿಯ ಕ್ಲಾಸಿಯಸ್ ಇದಕ್ಕೊಂದು ಅಳತೆ ಕೊಟ್ಟನು: ಶಾಖವನ್ನು ನಿರಪೇಕ್ಷ ಉಷ್ಣಮಾನದಿಂದ ಭಾಗಿಸುವುದು. ಅದೇ ಶಾಖ, ಆದರೆ ಭಾಜಕ ಚಿಕ್ಕದಾದ್ದರಿಂದ ತಂಪು ವಸ್ತುವಿನ ಗಳಿಕೆ ಬಿಸಿಯ ನಷ್ಟವನ್ನು ಮೀರುತ್ತದೆ. ಪರಿವರ್ತನೆ ಎಂಬರ್ಥದ ಗ್ರೀಕ್ ಶಬ್ದದಿಂದ, ‘ಎನರ್ಜಿ’ಗೆ ಸಾಟಿಯಾಗುವಂತೆ, 1865ರಲ್ಲಿ ಅವನು ಇದಕ್ಕೆ ‘ಎಂಟ್ರೊಪಿ’ ಎಂದು ಹೆಸರಿಟ್ಟನು. ಹೊರಗಿನ ಸಂಬಂಧವಿಲ್ಲದ ವ್ಯವಸ್ಥೆಯಲ್ಲಿ ಇದರ ಮೊತ್ತ ಎಂದೂ ಇಳಿಯದು.

ಶೀತಕಪೆಟ್ಟಿಗೆ ಶಾಖವನ್ನು ತಂಪಿನಿಂದ ಬಿಸಿಗೆ ಏರಿಸುವುದಲ್ಲ ಎನ್ನುವಿರೇನೋ! ನಿಜ, ಅದಕ್ಕೆ ವಿದ್ಯುತ್ತಿನ ಕೂಲಿ ಕೊಡಬೇಕು. ಒಲೆಯಿಂದ ಗಾಳಿಗೆ ಹಂಚಿಹೋದ ಶಾಖವನ್ನು ಪುಕ್ಕಟೆಯಾಗಿ ಮರಳಿ ಕೂಡಿಸಲು ಬಾರದು. ಆದುದರಿಂದ ಸೌದೆಯಾಗಲಿ ಕಲ್ಲಿದ್ದಲಾಗಲಿ, ಉರಿಸುವ ಮೊದಲೇ ಮಿತವರಿಯುವುದು ಜಾಣತನ.